ವಡಗೇರಾದಲ್ಲಿ ಕುಡಿದ ನೀರು

ಮೊದಲು ಕಾಲು ಬಾತವು. ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಹಾಗೇ ಉಳಿಯುತ್ತಿತ್ತು. ಮೂರನೇ ಕ್ಲಾಸಿನ ಮಕ್ಕಳ ಮುಂದೆ ದಿನವಿಡೀ ನಿಲ್ಲುವವಳು ನಾನು. ನಿಂತು ನಿಂತು ಹಿಂಗಾಗಿದೆ ಅಂದುಕೊಂಡು ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತೆ. ಎರಡು ತಿಂಗಳು ಇದೇ ಹುಚ್ಚುತನ. ಮೇಲುಸಿರು ಶುರುವಾದ ಮೇಲೆ ನನ್ನ ಗಂಡ ಶಹಾಪುರದಿಂದ ಯಾದಗಿರಿಗೆ ಕರೆದೊಯ್ದರು. ಡಾಕ್ಟರು ರಿಪೋರ್ಟ್ ನೋಡಿ, ಆಮೇಲೆ ನನ್ನ ಮುಖ ನೋಡಿದರು.

"ಎರಡೂ ಕಿಡ್ನಿ ಕೈಕೊಟ್ಟಾವ್ರಿ."

ವಾರಕ್ಕೆ ಎರಡು ಸಲ ಡಯಾಲಿಸಿಸ್. ಮೂತ್ರ ಹೆಚ್ಚುಕಡಿಮೆ ನಿಂತೇ ಹೋಗಿದ್ದರಿಂದ ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ಹೆಚ್ಚಾದರೆ ಶ್ವಾಸಕೋಶಕ್ಕೇ ನೀರು ತುಂಬುತ್ತದೆ. ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಒಂದು ಲೀಟರಿನೊಳಗೆ ಇರಬೇಕು. ಅದೂ ನಮ್ಮ ಕಡೆಯ ಬ್ಯಾಸಗಿಯಲ್ಲಿ! "ಇದು ಆಗೋ ಮಾತೇನ್ರಿ?" ಅಂದೆ. "ಆಗಬೇಕ್ರಿ" ಅಂದರು.

ಹೀಗೆ ನನ್ನ ಪ್ರಯೋಗಗಳ ವರ್ಷ ಶುರುವಾಯಿತು. ಬೆಳಿಗ್ಗೆ ಅರ್ಧ ಲೀಟರಿನ ಬಾಟಲಿ ತುಂಬಿಸಿ ಅದರಲ್ಲೇ ದಿನ ದೂಡುವುದು. ಬಾಯಿ ಮುಕ್ಕಳಿಸಿ ಉಗುಳುವುದು. ಮೊದಲ ವಾರ ಕಳ್ಳತನದಿಂದ ನುಂಗಿದ್ದೂ ಉಂಟು. ಪೆಪ್ಪರಮಿಂಟು ಚೀಪಿದೆ, ನೀರಡಿಕೆ ದುಪ್ಪಟ್ಟಾಯಿತು. ಬರ್ಫದ ತುಂಡು ಕೆಲಸ ಮಾಡಿತು. ಪುಂಡಿಪಲ್ಯ ಬಿಟ್ಟೆ, ಉಪ್ಪಿನಕಾಯಿ ಬಿಟ್ಟೆ. ಎರಡಕ್ಕೂ ಅತ್ತಿದ್ದೇನೆ, ಹೇಳಲಿಕ್ಕೆ ನನಗೇನೂ ನಾಚಿಕೆಯಿಲ್ಲ. ಮೈಯಲ್ಲಿ ಎಷ್ಟು ನೀರು ಉಳಿದಿದೆ ಅಂತ ತಿಳಿಯಲು ಡಯಾಲಿಸಿಸ್‌ಗೆ ಮುಂಚೆ ತೂಕ ನೋಡುತ್ತಾರೆ; ಒಂದು ಸಲ ಕಡುಬೇಸಿಗೆಯಲ್ಲೂ ಅದು ಮಿತಿಯೊಳಗೇ ಇತ್ತು. ಸಿಸ್ಟರ್ "ಶಾಬಾಸ್ ಅಕ್ಕೋರ" ಅಂದಾಗ, ಮಗ್ಗಿ ಒಪ್ಪಿಸಿದ ನಮ್ಮ ಮಕ್ಕಳ ಹಾಗೆ ಬೀಗಿದೆ.

ಗಂಡನಿಗೆ ರಜೆ ಸಿಗದ ದಿನ ನನ್ನ ಜೊತೆ ಸುನಂದಾ ಬರುತ್ತಿದ್ದಳು. ನಮ್ಮದೇ ಶಾಲೆಯ ಟೀಚರ್, ದಲಿತ ಕೇರಿಯ ಬೌದ್ಧರ ಮನೆಯವಳು, ಹನ್ನೊಂದು ವರ್ಷದ ಗೆಳತಿ. ಬೆಡ್ಡಿನ ಪಕ್ಕದ ಸ್ಟೂಲಿನಲ್ಲಿ ನಾಲ್ಕು ತಾಸು ಕೂತು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಳು, ನನ್ನ ಕ್ಲಾಸಿನವನ್ನೂ. ಮೊನ್ನೆ ವಡಗೇರಾದಲ್ಲಿ ಅವಳ ತವರಿನವರು ಹೊಸ ಮನೆ ಕಟ್ಟಿದರು. "ನೀವು ಬರಲಿಲ್ಲಂದ್ರ ನಾ ಮಾತಾಡಂಗಿಲ್ಲ ನೋಡ್ರಿ" ಅಂದಳು. ಹೋದೆ. ಬಿಸಿಲಿಗೆ ಬಸ್ಸಿನಲ್ಲೇ ಬಾಟಲಿ ಖಾಲಿಯಾಯಿತು.

ಬಾಗಿಲ ಬಳಿ ಸುನಂದಾಳ ಅವ್ವ ಚೊಂಬಿನಲ್ಲಿ ನೀರು, ತಾಟಿನಲ್ಲಿ ಬೆಲ್ಲ ತಂದು ಹಿಡಿದರು. ವರ್ಷದ ರೂಢಿ, ಕೈ ತಾನೇ ಅಡ್ಡ ಹೋಯಿತು.

"ಬ್ಯಾಡ್ರಿ ಯವ್ವಾ."

ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಅದೇ ನನಗೆ ಕಷ್ಟವಾದದ್ದು. ಚೊಂಬು ಹಿಂದಕ್ಕೆ ತೆಗೆದುಕೊಂಡು, "ಇರ್ಲಿ ಬಿಡ್ರಿ ಅಕ್ಕೋರ, ಹೋದ ಸಲದಂಗ ಅಂಗಡಿಂದ ಬಾಟ್ಲಿ ನೀರು ತರಸ್ತೀನಿ" ಅಂದರು.

"ಅಯ್ಯ, ಅದಕ್ಕಲ್ರಿ, ನನಗ ಕಿಡ್ನಿ..." ಅಂತ ಶುರು ಮಾಡಿದವಳು ಅಲ್ಲೇ ನಿಂತೆ. ಹೋದ ಸಲ ಬಂದದ್ದು ಸುನಂದಾಳ ತಮ್ಮನ ಮದುವೆಗೆ, ನಾಲ್ಕು ವರ್ಷದ ಹಿಂದೆ.

ಆಗ ನನ್ನ ಎರಡೂ ಕಿಡ್ನಿ ಚೆನ್ನಾಗಿದ್ದವು.

ಅಂಗಡಿಯ ಬಾಟಲಿ ನೀರು ಕುಡಿದು, ಅದರಲ್ಲೇ ಕೈತೊಳೆದು, ಎಲ್ಲರ ಜೊತೆ ನಗುನಗುತ್ತಾ ಫೋಟೋ ತೆಗೆಸಿಕೊಂಡು ಬಂದಿದ್ದೆ. ನಾನು ಮರೆತೇಬಿಟ್ಟಿದ್ದೆ. ಆಕೆ ಮರೆತಿರಲಿಲ್ಲ.

"ಕೊಡ್ರಿ ಇಲ್ಲಿ" ಅಂದೆ. ಬೆಲ್ಲ ಬಾಯಿಗೆ ಹಾಕಿಕೊಂಡು, ಚೊಂಬು ಇಸಿದುಕೊಂಡು ಗಟಗಟ ಕುಡಿದೆ. ತಂಪಾದ ಕೊಡದ ನೀರು. ಒಳಗಿಂದ ಸುನಂದಾ ಓಡಿ ಬಂದು, "ಅಕ್ಕೋರ, ಹುಚ್ಚು ಹಿಡದಾದೇನು ನಿಮಗ? ಸಾಕ್ ಮಾಡ್ರಿ!" ಅಂತ ಚೊಂಬು ಕಸಿದುಕೊಂಡಳು. ಅವಳ ಅವ್ವ ನನ್ನ ಭುಜ ಹಿಡಿದು ಕೂರಿಸಿದರು. "ಇಷ್ಟ್ಯಾಕ ನೀರಡಿಸಿದ್ದಿಯವ್ವಾ?" ಅಂದರು. ಮೊದಲ ಸಲ ನನಗೆ ಏಕವಚನ.

ಆಮೇಲೆ ಅಲ್ಲಿ ಚಹಾ ಮುಟ್ಟಲಿಲ್ಲ, ಮನೆಯಲ್ಲಿ ಸಾರು ಮುಟ್ಟಲಿಲ್ಲ. ಮರುದಿನ ಡಯಾಲಿಸಿಸ್ ಇತ್ತು. ಉಸಿರು ಸರಿಯಾಗಿತ್ತು, ಪುಣ್ಯ. ತೂಕ ಮಾತ್ರ ಮಿತಿ ದಾಟಿತ್ತು. "ಏನ್ ಮಾಡ್ಕೊಂಡು ಬಂದ್ರಿ?" ಅಂತ ಸಿಸ್ಟರ್ ಗದರಿದರು.

ಸ್ಟೂಲಿನಲ್ಲಿದ್ದ ಸುನಂದಾ ನೋಟ್‌ಬುಕ್ಕಿನಿಂದ ತಲೆ ಎತ್ತದೆ, ಇಡೀ ವಾರ್ಡಿಗೆ ಕೇಳುವಂತೆ ಹೇಳಿದಳು: "ನಮ್ಮನ್ಯಾಗ ನೀರು ಕುಡದಾರ್ರಿ."

ಸಿಸ್ಟರ್ ಇನ್ನಷ್ಟು ಬೈದರು. ಬೈಸಿಕೊಂಡೆ. ಹನ್ನೊಂದು ವರ್ಷ ತಡವಾಗಿ ಕುಡಿದವಳಿಗೆ ಅಷ್ಟು ಬೈಗುಳ ಕಡಿಮೆಯೇ.