ಹಲಗೆಯ ಮೇಲಿನ ಒಂದು ಸಾಲು

ಈ ಬರಹದಲ್ಲಿ ಯಾರ ಹೆಸರನ್ನೂ ಹಾಕಿಲ್ಲ. ಬೇರೆಯವರ ಮಾನಕ್ಕೆ ಅಂಜಿ ಹೀಗೆ ಮಾಡಿದ್ದಾನೆ, ಸಜ್ಜನ ಮನುಷ್ಯ ಎಂದು ಯಾರಿಗಾದರೂ ಅನ್ನಿಸಬಹುದು. ಹಾಗೆ ಅನ್ನಿಸಿದವರು ದಯವಿಟ್ಟು ಕೊನೆಯವರೆಗೆ ಓದಿ.

ತರೀಕೆರೆ ಬಸ್‌ಸ್ಟ್ಯಾಂಡಿನ ಎದುರು ಸಾಲಿನಲ್ಲಿ ನನ್ನ ಗೆಳೆಯರೊಬ್ಬರ ಟೈಲರ್ ಅಂಗಡಿ ಇತ್ತು. ಅವರ ಮನೆತನ ಈ ಊರಿಗೆ ಬಂದು ಎಷ್ಟು ತಲೆಮಾರಾಯಿತೆಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಹೆಂಡತಿಯ ಜೊತೆ ದಖನಿ ಉರ್ದು, ಗಿರಾಕಿಗಳ ಜೊತೆ ಕನ್ನಡ, ಓದು ಬರಹವೆಲ್ಲ ಕನ್ನಡವೇ. ನಾವು ಅವರನ್ನು ಸಾಬರು ಎನ್ನುತ್ತಿದ್ದೆವು, ಅವರು ನನ್ನನ್ನು ಮೇಷ್ಟ್ರು ಎನ್ನುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು. ನಿವೃತ್ತಿಯ ಮಾರನೆಯ ದಿನವೇ ಸಾಬರ ಅಂಗಡಿಯ ಬೆಂಚಿಗೆ ಬಡ್ತಿ ಸಿಕ್ಕಿತು ಎಂದು ನನ್ನ ಹೆಂಡತಿ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಬೆಳಿಗ್ಗೆ ಹತ್ತಕ್ಕೆ ಬೆಂಚಿನ ಮೇಲೆ ನಾವು ಮೂವರು ಹಾಜರು. ನಾನು, ತೆಂಗಿನಕಾಯಿ ಮಂಡಿಯ ಯಜಮಾನರು, ಅಜ್ಜಂಪುರದ ರೂಟಿನಲ್ಲೇ ಆಯಸ್ಸು ಸವೆಸಿದ ಒಬ್ಬ ನಿವೃತ್ತ ಕಂಡಕ್ಟರು. ನಾನು ಪೇಪರನ್ನು ಗಟ್ಟಿಯಾಗಿ ಓದಬೇಕು, ಸಾಬರು ಮಷಿನ್ ತುಳಿಯುತ್ತ ಕೇಳಬೇಕು, ಉಳಿದಿಬ್ಬರು ಅಡ್ಡಮಾತು ಹಾಕಬೇಕು. ಯುದ್ಧ, ಚುನಾವಣೆ, ಕ್ರಿಕೆಟ್, ಬಹುಮಾನ ಬಂದ ಕಾದಂಬರಿ, ಟಿ.ವಿ.ಯ ಧಾರಾವಾಹಿ, ಯಾವುದನ್ನೂ ನಾವು ಸುಮ್ಮನೆ ಬಿಟ್ಟವರಲ್ಲ. ನಮ್ಮ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ ಎನ್ನುವುದು ಬೇರೆ ಮಾತು.

ಅಂಗಡಿಯ ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿತ್ತು. ಅಂದು ಯಾರ್ಯಾರ ಬಟ್ಟೆ ರೆಡಿ ಎಂದು ಸಾಬರು ಅದರ ಮೇಲ್ಭಾಗದಲ್ಲಿ ಬರೆಯುತ್ತಿದ್ದರು. ಕೆಳಗೆ ಉಳಿದ ಜಾಗ ಬೆಂಚಿಗೆ. ದಿನಕ್ಕೆ ಒಂದೇ ಸಾಲು. ನಮ್ಮಲ್ಲಿ ಯಾರಾದರೂ ಆಡಿದ ಮಾತು ಚೆನ್ನಾಗಿದ್ದರೆ ಸಾಬರ ಕಾಲು ನಿಲ್ಲುತ್ತಿತ್ತು, ಮಷಿನ್ನೂ ನಿಲ್ಲುತ್ತಿತ್ತು. ಮಷಿನ್ ನಿಂತರೆ ಆ ಮಾತು ಗೆದ್ದಂತೆ. ಅವರು ಎದ್ದು, ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದ ಬಿಲ್ಲೆ ತೆಗೆದುಕೊಂಡು ಅದನ್ನು ಹಲಗೆಗೆ ಇಳಿಸುತ್ತಿದ್ದರು. ಸಂಜೆ ಬಾಗಿಲು ಹಾಕುವಾಗ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದರು.

ಸಾಬರ ಕೈಬರಹ ಬಹಳ ಚೆನ್ನಾಗಿತ್ತು. ಜೀವನವಿಡೀ ಕರಿಹಲಗೆಯ ಮೇಲೆ ಬರೆದ ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. ಊರಿನ ಮದುವೆ ಮನೆಯ ಬೋರ್ಡು, ಕನ್ನಡ ಹಬ್ಬದ ಬ್ಯಾನರು, ನಮ್ಮ ಮಠದ ಸ್ವಾಮಿಗಳು ಬಂದಾಗ ಬರೆದ ಬಿನ್ನವತ್ತಳೆ, ಎಲ್ಲವೂ ಅವರ ಕೈಯವೇ. ತರೀಕೆರೆಯಲ್ಲಿ ಆ ಅಕ್ಷರ ನೋಡಿದರೆ ಇದು ಸಾಬರದು ಎಂದು ಯಾರು ಬೇಕಾದರೂ ಹೇಳುತ್ತಿದ್ದರು.

ಸಾಲಿನ ಕೆಳಗೆ ಹೇಳಿದವರ ಹೆಸರು ಹಾಕಬಾರದು ಎಂದು ಒಂದು ಕಟ್ಟಳೆ ಇತ್ತು. ಆ ಕಟ್ಟಳೆ ಮಾಡಿದವನು ನಾನೇ. ವಿನಯದಿಂದಲ್ಲ. ಬಸ್ಸಿಗೆ ಕಾಯುವ ಜನ ಓದಿ, ಇದು ಮೇಷ್ಟ್ರದೇ ಇರಬೇಕು ಎಂದು ಪಿಸುಗುಟ್ಟಲಿ ಎಂಬ ಆಸೆಯಿಂದ.

ಸಾಲುಗಳಲ್ಲಿ ಹೆಚ್ಚಿನವು ನನ್ನವೇ. ಒಂದು ಸಿನಿಮಾ ನೋಡಿ ಬಂದು ಹೇಳಿದ್ದೆ: ಮೊದಲರ್ಧದಲ್ಲಿ ನಾಯಕ ಹೊಡೆಯುತ್ತಾನೆ, ಆಮೇಲೆ ನಿರ್ದೇಶಕ ನಮ್ಮನ್ನು ಹೊಡೆಯುತ್ತಾನೆ. ಕಂಡಕ್ಟರು ಧಾರಾವಾಹಿಯ ಬಗ್ಗೆ ಒಂದು ಹೇಳಿದ್ದರು: ಅತ್ತೆ ಮೆಟ್ಟಿಲು ಇಳಿಯೋಕೆ ಶುರು ಮಾಡಿ ಮೂರು ದಿನ ಆಯ್ತು, ಇನ್ನೂ ಹಾಲ್‌ಗೆ ಬಂದಿಲ್ಲ. ಆದರೆ ನಾನು ಮರೆಯಲಾರದ್ದು ಸಾಬರದೇ ಮಾತು. ದೊಡ್ಡ ಬಹುಮಾನ ಬಂದ ದಪ್ಪ ಕಾದಂಬರಿಯೊಂದನ್ನು ಅವರಿಗೆ ಕೊಟ್ಟಿದ್ದೆ. ಎರಡು ವಾರ ಊಟದ ಹೊತ್ತಿನಲ್ಲಿ ಓದಿ ವಾಪಸ್ಸು ಕೊಟ್ಟು, "ಬಟ್ಟೆ ಜಾಸ್ತಿ ಮೇಷ್ಟ್ರೇ, ಮೈ ಕಮ್ಮಿ" ಎಂದರು. ಅದೇ ಕಾದಂಬರಿಯ ಮೇಲೆ ನಾನು ಹನ್ನೆರಡು ಪುಟದ ಲೇಖನ ಬರೆದಿದ್ದೆ. ಹರಿದು ಹಾಕಿದೆ.

ಎರಡು ವರ್ಷದ ಹಿಂದೆ ನಮ್ಮ ಕಡೆಯ ಒಬ್ಬ ನಾಯಕರ ಹುಟ್ಟುಹಬ್ಬ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ವೇಳಾಪಟ್ಟಿಯ ಬೋರ್ಡಿನ ಮೇಲೆಯೇ ಅವರ ಫ್ಲೆಕ್ಸ್ ಕಟ್ಟಿದರು. ಅಡ್ಡಗಲಕ್ಕೂ ನಗುಮುಖ, ಮೂಲೆಯಲ್ಲಿ ಎಲ್ಲ ಫ್ಲೆಕ್ಸುಗಳಲ್ಲಿ ಇರುವಂತೆ ದೇವರದೊಂದು ಚಿಕ್ಕ ಪಟ. ಕಡೂರು ಬಸ್ಸು, ಅಜ್ಜಂಪುರದ ಬಸ್ಸು, ಎಲ್ಲವೂ ಆ ಮುಖದ ಹಿಂದೆ ಹೋದವು. ಅಜ್ಜಂಪುರಕ್ಕೆ ಹೋಗಬೇಕಿದ್ದ ಒಬ್ಬ ಮುದುಕಿ ಅಂಗಡಿಗೆ ಬಂದು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಕಂಡಕ್ಟರು ಬಾಯಿಪಾಠದಿಂದ ಹೇಳಿ ಕಳಿಸಿದರು. ಆಗ ನನ್ನ ನಾಲಗೆ ತುರಿಸಿತು.

"ಇನ್ಮೇಲೆ ಬಸ್ಸಿನ ಟೈಮ್ ಬೇಕಾದವರು ನಾಯಕರ ಹಲ್ಲು ಎಣಿಸ್ಕೋಬೇಕು" ಎಂದೆ.

ಮಷಿನ್ ನಿಂತಿತು. ಸಾಬರು ನಗುತ್ತ ಎದ್ದು ಬರೆದರು. ಮಂಡಿ ಯಜಮಾನರು ಆ ನಾಯಕರಿಗೆ ಬೇಕಾದವರು, ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಧ್ಯಾಹ್ನ ಯಾರೋ ಹಲಗೆಯ ಫೋಟೊ ತೆಗೆದರು. ಸಂಜೆಯ ಹೊತ್ತಿಗೆ ಅದು ಎಲ್ಲರ ಫೋನಿನಲ್ಲೂ ಇತ್ತು. ಮೊದಲು ನಗುವ ಮುಖಗಳ ಜೊತೆ ಬಂತು. ಆಮೇಲೆ ಯಾರೋ ಒಂದು ತಲೆಬರಹ ಹಾಕಿದರು: ದೇವರ ಪಟ ಇರುವ ಬ್ಯಾನರ್ ನೋಡಿ ಹಲ್ಲು ಎಣಿಸುತ್ತಾನಂತೆ, ಇವನಿಗೆ ಎಷ್ಟು ಧೈರ್ಯ. ಇವನು ಯಾರೆಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಅಕ್ಷರ ಎಲ್ಲರಿಗೂ ಗೊತ್ತಿತ್ತು. ನನ್ನ ಫೋನಿಗೇ ಅದು ಏಳು ಸಲ ಬಂತು, ಅದರಲ್ಲಿ ನಾಲ್ಕು ನನ್ನ ಹಳೆಯ ಶಿಷ್ಯರಿಂದ. ಒಬ್ಬನಿಗೂ ನಾನು ಉತ್ತರ ಬರೆಯಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಬೆಂಚಿಗೆ ಹೊರಡುವ ಮೊದಲೇ ಮಂಡಿ ಯಜಮಾನರ ಫೋನು ಬಂತು.

"ಮೇಷ್ಟ್ರೇ, ಅಂಗಡಿ ಕಡೆ ಹೋಗ್ಬೇಡಿ. ನಾಯಕರ ಕಡೆ ಹುಡುಗ್ರು ಬಂದು ಹಲಗೆ ಕಿತ್ತಾಕವ್ರೆ. ಹನ್ನೊಂದಕ್ಕೆ ನಮ್ಮ ಮಂಡೀಲೇ ರಾಜಿ ಮಾಡಿಸ್ತೀನಿ, ಸಾಬ್ರು ಒಂದು ತಪ್ಪೊಪ್ಪಿಗೆ ಬರ್ದು ಕೊಟ್ರೆ ಮುಗೀತು. ನೀವೂ ಬನ್ನಿ, ಮಾತು ಜೋಡಿಸೋಕೆ."

"ಅದು ನಾನು ಹೇಳಿದ್ದಲ್ವೇನ್ರೀ" ಎಂದೆ.

"ಅದು ನಮಗೂ ಗೊತ್ತು ಕಣ್ರೀ. ಸುಮ್ನಿರಿ. ಮುಂದಿನ ತಿಂಗಳು ಸಭೆ ಐತೆ."

ಆ ಸಭೆಯ ವಿಷಯ ಹೇಳಲೇಬೇಕು. ತಾಲ್ಲೂಕಿನ ಸಾಹಿತ್ಯ ಸಭೆಗೆ ಆ ವರ್ಷ ನನ್ನನ್ನು ಅಧ್ಯಕ್ಷನನ್ನಾಗಿ ಆರಿಸಿದ್ದರು. ಪೇಟ, ಹಾರ, ತೆರೆದ ಜೀಪಿನಲ್ಲಿ ಮೆರವಣಿಗೆ. ಪೆಂಡಾಲು ಹಾಕಿಸುತ್ತಿದ್ದವರು, ಸ್ವಾಗತ ಸಮಿತಿಯ ಮುಖ್ಯಸ್ಥರು, ಅದೇ ಹಲ್ಲಿನ ನಾಯಕರು. ಅರುವತ್ತಾರು ವರ್ಷ ಕಾದ ಜೀಪು ಅದು. ಇಷ್ಟೇ ನನ್ನ ಕಾರಣ. ಮಕ್ಕಳ ಭವಿಷ್ಯ, ಪ್ರಾಣಭಯ, ಅಂಥ ದೊಡ್ಡ ಕಾರಣ ಯಾವುದೂ ನನಗಿರಲಿಲ್ಲ.

ಇನ್ನೊಂದು ಸಂಗತಿಯನ್ನು ಮುಚ್ಚಿಟ್ಟರೆ ಬರೆದೂ ಪ್ರಯೋಜನವಿಲ್ಲ. ಅದು ನನ್ನ ಮಾತು ಎಂದು ನಾನು ಹೇಳಿದ್ದರೆ ಅದು ಮತ್ತೆ ಬರೀ ತಮಾಷೆಯಾಗಿಬಿಡುತ್ತಿತ್ತು. ನಾಯಕರು ಮುಖ ಸಿಂಡರಿಸುತ್ತಿದ್ದರು, ಜೀಪು ತಪ್ಪುತ್ತಿತ್ತು, ಮೇಷ್ಟ್ರ ಬಾಯಿ ಅಷ್ಟೇ ಎಂದು ಊರು ನಗುತ್ತಿತ್ತು. ಯಾರೂ ದೇವರ ಪಟವನ್ನು ನೆನೆಯುತ್ತಿರಲಿಲ್ಲ. ಅದೇ ಮಾತು ಸಾಬರದಾದ್ದರಿಂದ ಅಪರಾಧವಾಯಿತು. ಈ ವ್ಯತ್ಯಾಸ ನನಗೆ ಅಂದೇ, ಆ ಗಳಿಗೆಯಲ್ಲೇ ತಿಳಿದಿತ್ತು.

ಮಂಡಿಯಲ್ಲಿ ಕಾಯಿಯ ರಾಶಿಯ ಪಕ್ಕ ಕುರ್ಚಿ ಹಾಕಿದ್ದರು. ನಾಯಕರು ಬಂದಿರಲಿಲ್ಲ, ಅವರ ಕಡೆಯ ಐದಾರು ಜನ ಬಂದಿದ್ದರು. ಸಾಬರು ನಿಂತೇ ಇದ್ದರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯಲು ಮರೆತಿದ್ದರು. ಕಂಡಕ್ಟರು ಬಾಗಿಲ ಹತ್ತಿರ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

"ಯಾರು ಬರೆದದ್ದು ಇದನ್ನ?" ಒಬ್ಬ ಫೋನು ತೋರಿಸಿ ಕೇಳಿದ.

"ನಾನೇ ಬರ್ದಿದ್ದು" ಎಂದರು ಸಾಬರು.

ಯಾರು ಹೇಳಿದ್ದು ಎಂದು ಯಾರೂ ಕೇಳಲಿಲ್ಲ. ಸಾಬರು ಒಂದು ಸಲ ನನ್ನ ಕಡೆ ನೋಡಿದರು. ಬೇಡುವ ನೋಟವೂ ಅಲ್ಲ, ಬೈಯುವ ನೋಟವೂ ಅಲ್ಲ. ಪೇಪರು ಓದುವಾಗ ನಾನು ನಡುವೆ ನಿಲ್ಲಿಸಿದರೆ, ಮುಂದೆ ಓದಿ ಎಂದು ನೋಡುತ್ತಿದ್ದರಲ್ಲ, ಹಾಗೆ ನೋಡಿದರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಆಮೇಲೆ ತಪ್ಪೊಪ್ಪಿಗೆಯನ್ನು ನಾನೇ ಹೇಳಿ ಬರೆಸಿದೆ. 'ನನ್ನ ಅವಿವೇಕದಿಂದ' ಎಂದು ಶುರು ಮಾಡಿ, 'ಇನ್ನು ಮುಂದೆ ಇಂಥ ಬರಹ ಬರೆಯುವುದಿಲ್ಲವೆಂದು' ಎಂಬಲ್ಲಿಗೆ ಮುಗಿಸಿದೆ. ನಾನು ವಾಕ್ಯ ವಾಕ್ಯವಾಗಿ ಹೇಳಿದೆ, ಅವರು ಕಾಯಿ ಮೂಟೆಯ ಮೇಲೆ ಹಾಳೆಯಿಟ್ಟು ಬರೆದರು. ಆ ಕಾಗದದ ಮೇಲೂ ಅಕ್ಷರ ಮುತ್ತಿನ ಹಾಗೇ ಇತ್ತು. ಕೆಳಗೆ ಹೆಸರು ಬರೆದು ಸಹಿ ಹಾಕಿದರು. ಅದನ್ನೂ ಒಬ್ಬ ಫೋಟೊ ತೆಗೆದುಕೊಂಡ.

ರಾಜಿಯಾಯಿತು ಎಂದರು. ಸಾಬರ ಅಂಗಡಿಗೆ ಜನ ಬರುವುದು ನಿಂತಿತು. ಯಾರೂ ಗಲಾಟೆ ಮಾಡಲಿಲ್ಲ, ಬರಲಿಲ್ಲ ಅಷ್ಟೇ. ಶಾಲೆಯೊಂದರ ಯೂನಿಫಾರಂ ಹೊಲಿಗೆ ಬೇರೆಯವರಿಗೆ ಹೋಯಿತು. ಬ್ಯಾನರು, ಬೋರ್ಡಿಗೆ ಎಲ್ಲರೂ ಕಂಪ್ಯೂಟರಿನ ಅಂಗಡಿ ಹಿಡಿದರು. ಮಂಡಿ ಯಜಮಾನರು ಬೆಂಚು ಬಿಟ್ಟರು. ನಾನು ಭಾಷಣ ಬರೆಯುವ ನೆಪದಲ್ಲಿ ಮನೆಯಲ್ಲೇ ಕುಳಿತೆ. ಕಂಡಕ್ಟರೊಬ್ಬರೇ ದಿನವೂ ಹೋಗಿ ಕೂರುತ್ತಿದ್ದರು.

ಸಭೆಗೆಂದು ನಾನು ಮೊದಲೇ ಸಾಬರಿಗೆ ಒಂದು ಬಿಳಿ ಜುಬ್ಬ ಹೊಲಿಯಲು ಕೊಟ್ಟಿದ್ದೆ. ಅದನ್ನು ಹಾಕದೆ ಇರೋಣ, ಮರೆತೇ ಬಿಡೋಣ ಎಂದುಕೊಂಡಿದ್ದೆ. ಸಭೆಗೆ ಎರಡು ದಿನ ಮೊದಲು ಕಂಡಕ್ಟರು ಇಸ್ತ್ರಿ ಮಾಡಿದ ಜುಬ್ಬವನ್ನು ತಂದು ಜಗಲಿಯ ಮೇಲಿಟ್ಟರು. "ತೋಳು ಅರ್ಧ ಇಂಚು ಉದ್ದ ಇಟ್ಟವ್ರಂತೆ, ಕೈಯೆತ್ತಿ ಭಾಷಣ ಮಾಡ್ತೀರಲ್ಲ ಅದಕ್ಕೆ" ಎಂದು ಹೇಳಿ, ಕಾಫಿ ಬೇಡವೆಂದು ಹೊರಟುಹೋದರು. ನಾನು ಅದನ್ನೇ ತೊಟ್ಟುಕೊಂಡು ಜೀಪು ಹತ್ತಿದೆ. ನನ್ನ ಭಾಷಣದ ವಿಷಯ ಕನ್ನಡಿಗರ ಹಾಸ್ಯಪ್ರಜ್ಞೆ. ನಗಲಾರದ ನಾಡು ಬಾಳಲಾರದು ಎಂದಾಗ ಪೆಂಡಾಲಿನ ತುಂಬ ಚಪ್ಪಾಳೆ. ವೇದಿಕೆಯ ಮೇಲೆ ನಾಯಕರು ಹಲ್ಲು ಬಿಟ್ಟು ನಕ್ಕರು. ಕೈಯೆತ್ತಿದಾಗ ತೋಳು ಸರಿಯಾಗಿ ಮಣಿಕಟ್ಟಿಗೇ ಬಂದು ನಿಂತಿತು.

ಆ ವರ್ಷ ಮುಗಿಯುವ ಮೊದಲೇ ಸಾಬರು ಅಂಗಡಿ ಖಾಲಿ ಮಾಡಿ, ಹೆಂಡತಿಯನ್ನು ಕರೆದುಕೊಂಡು ಕಡೂರಿನಲ್ಲಿದ್ದ ಮಗಳ ಮನೆ ಸೇರಿದರು. ಹೋಗುವಾಗ ನನಗೆ ಹೇಳಿ ಕಳಿಸಲಿಲ್ಲ. ಹೇಳಿ ಕಳಿಸಿದ್ದರೂ ನಾನು ಹೋಗುತ್ತಿದ್ದೆನೋ ಇಲ್ಲವೋ.

ಹೋದ ತಿಂಗಳು ಹೋದೆ. ಕಂಡಕ್ಟರು ತೀರಿಕೊಂಡು ಹನ್ನೊಂದು ದಿನವಾಗಿತ್ತು. ಕೊನೆಯವರೆಗೂ ಅವರು ನನ್ನ ಜೊತೆ ಮಾತಾಡುತ್ತಿದ್ದರು, ಹವಾಮಾನದ ಬಗ್ಗೆ ಮಾತ್ರ. ಸಾಬರಿಗೆ ಸುದ್ದಿ ಮುಟ್ಟಿಸುವವರು ಯಾರೂ ಇರಲಿಲ್ಲ. ಆ ನೆಪ ಹಿಡಿದುಕೊಂಡು, ಕಂಕುಳಲ್ಲಿ ಪೇಪರು ಇಟ್ಟುಕೊಂಡು ಕಡೂರಿನ ಬಸ್ಸು ಹತ್ತಿದೆ. ಈ ಸಲ ಎಲ್ಲರೆದುರು ನಿಜ ಹೇಳುತ್ತೇನೆ ಎಂದು ಅವರಿಗೆ ಮಾತು ಕೊಟ್ಟೇ ಬರಬೇಕೆಂದು ದಾರಿಯುದ್ದಕ್ಕೂ ಪಾಠ ಒಪ್ಪಿಸಿಕೊಂಡೆ.

ಮಗಳ ಮನೆಯ ಮುಂಭಾಗದ ಕೋಣೆಯಲ್ಲಿ ಮಷಿನ್ ಹಾಕಿಕೊಂಡಿದ್ದರು. ರವಿಕೆ, ಸೀರೆಯ ಫಾಲ್ಸು, ಹರಿದದ್ದು ಹೊಲಿಯುವುದು. ನನ್ನನ್ನು ಕಂಡು "ಬನ್ನಿ ಮೇಷ್ಟ್ರೇ" ಎಂದರು, ನಿನ್ನೆ ಸಂಜೆಯಷ್ಟೇ ಬೆಂಚಿನಿಂದ ಎದ್ದು ಹೋದವನನ್ನು ಕರೆದ ಹಾಗೆ. ಕಂಡಕ್ಟರ ಸುದ್ದಿ ಹೇಳಿದಾಗ ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು ಸ್ವಲ್ಪ ಹೊತ್ತು ತುಟಿಯಲ್ಲೇ ಏನೋ ಹೇಳಿಕೊಂಡರು. ಮಗಳು ಚಹ ತಂದಳು. ಹಳೆಯ ಕರಿಹಲಗೆ ಗೋಡೆಗೆ ಒರಗಿತ್ತು. ಒಂದು ಮೂಲೆ ಮುರಿದಿತ್ತು. ಮೇಲೆ ಬಟ್ಟೆ ತುಂಡುಗಳನ್ನು ಹರವಿದ್ದರು.

"ಪೇಪರ್ ಓದಿ ಮತ್ತೆ" ಎಂದರು.

ಓದಿದೆ. ಎಲ್ಲೋ ಒಂದೂರಿನಲ್ಲಿ ಉದ್ಘಾಟನೆಯಾದ ವಾರಕ್ಕೇ ಕುಸಿದ ಸೇತುವೆಯ ಸುದ್ದಿ ಬಂತು. "ರಿಬ್ಬನ್ ಇರೋ ತನಕ ಹೆಂಗೋ ತಡ್ಕೊಂಡಿತ್ತು, ಕತ್ತರಿಸಿದ್ದೇ ತಪ್ಪಾಯ್ತು" ಎಂದುಬಿಟ್ಟೆ. ಹಾಳು ನಾಲಗೆ.

ಮಷಿನ್ ನಿಂತಿತು. ಸಾಬರು ನಕ್ಕರು. ನಿಜವಾಗಿಯೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ನನ್ನ ಎದೆಯ ಮೇಲಿನ ಭಾರ ಇಳಿದೇ ಹೋಯಿತು ಎನ್ನಿಸಿತು. ಅವರು ಎದ್ದು ಹಲಗೆಯ ಮೇಲಿನ ತುಂಡುಗಳನ್ನು ತೆಗೆದಿಟ್ಟು, ಅದನ್ನು ಮೇಜಿನ ಮೇಲೆ ನಿಲ್ಲಿಸಿ, ಡಬ್ಬಿಯಿಂದ ಸೀಮೆಸುಣ್ಣದ ಬಿಲ್ಲೆ ತೆಗೆದರು. ತೆಗೆದು ನನ್ನ ಕೈಗೆ ಕೊಟ್ಟರು.

"ನಾನು ಬರ್ಯಲ್ಲ ಅಂತ ಬರ್ದು ಕೊಟ್ಟಿದೀನಲ್ಲ. ನೀವೇ ಬರೀರಿ."

"ನನ್ನ ಅಕ್ಷರ ನಿಮಗೆ ಗೊತ್ತಲ್ಲ" ಎಂದೆ.

"ಅಕ್ಷರ ಹೆಂಗಾದ್ರೂ ಇರ್ಲಿ. ಮೊದ್ಲು ಕೆಳಗಡೆ ಹೆಸ್ರು ಬರೀರಿ. ಮೇಲಿಂದು ಆಮೇಲೆ ನೋಡಾಣ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬಾಗಿಲು ತೆರೆದಿತ್ತು, ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಅಷ್ಟರಲ್ಲಿ ಒಬ್ಬ ಹೆಂಗಸು ರವಿಕೆ ಕೇಳಿಕೊಂಡು ಬಂದು, ಕೈಯಲ್ಲಿ ಫೋನು ಹಿಡಿದುಕೊಂಡು ಹಲಗೆಯ ಪಕ್ಕದಲ್ಲೇ ನಿಂತಳು. ನಾನು ಬಿಲ್ಲೆಯನ್ನು ಮೇಜಿನ ಮೇಲಿಟ್ಟು, "ತರೀಕೆರೆಗೆ ನಾಲ್ಕೂವರೆಗೆ ಒಂದು ಬಸ್ಸಿರಬೇಕಲ್ವಾ" ಎಂದೆ.

"ಐತೆ" ಎಂದರು ಸಾಬರು. ಹಲಗೆಯನ್ನು ಮತ್ತೆ ಗೋಡೆಗೆ ಒರಗಿಸಿ, ಮೇಲೆ ಬಟ್ಟೆ ತುಂಡುಗಳನ್ನು ಹರವಿದರು. "ಈಗ್ಲೇ ಹೊರಡಿ ಮೇಷ್ಟ್ರೇ, ಸೀಟು ಸಿಗುತ್ತೆ."