ತಂತಿಯ ಮೇಲಿನ ಮೂರು ಜಂಪರು

ನಾನು ನಿಂತಿದ್ದು ಪುಣೆಯ ಹತ್ತಿರದ ನಿಗಡಿಯ ನಮ್ಮ ಮನೆಯ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ. 1998ರ ಜನವರಿಯ ಒಂದು ಗುರುವಾರ, ಬೆಳಿಗ್ಗೆ ಒಂಬತ್ತರ ಸುಮಾರು. ಗುರುವಾರ ಕಾರ್ಖಾನೆಗೆ ರಜೆ. ತಂತಿಯ ಮೇಲೆ ಹೆಂಡತಿ ಶಾಂತಾಳ ಮೂರು ಜಂಪರು ಒಣಗುತ್ತಿದ್ದವು. ಮೂರರಲ್ಲೂ ಎಡಗಡೆ, ಒಂದೇ ಜಾಗದಲ್ಲಿ, ಕಡಲೆ ಗಾತ್ರದ ಕಂದು ಕಲೆ.

ಕಲೆ ಹೊಸದಲ್ಲ. ನಾಲ್ಕು ತಿಂಗಳಿಂದ ನೋಡುತ್ತಿದ್ದೆ. ಮಂಗಳವಾರ, ಶುಕ್ರವಾರ ಸ್ನಾನವಾದ ಮೇಲೆ ಶಾಂತಾ ತಾಳಿಗೆ ಅರಿಷಿಣ, ಕುಂಕುಮ ಹಚ್ಚಿ ಜಂಪರಿನೊಳಗೆ ಬಿಟ್ಟುಕೊಳ್ಳುತ್ತಾಳೆ. ಅದರದೇ ಕಲೆ ಎಂದು ಅವಳೂ ನಂಬಿದ್ದಳು, ನಾನೂ ನಂಬಿದ್ದೆ. “ತಾಳಿಗೆ ಹಚ್ಚತೀಯೋ, ಜಂಪರಕ್ಕ ಹಚ್ಚತೀಯೋ?” ಎಂದು ಹಂಗಿಸಿಯೂ ಇದ್ದೆ.

ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ಹತ್ತು ತುಂಡುಗಳಲ್ಲಿ ಗೀರು ಹತ್ತು ಕಡೆ ಇದ್ದರೆ ಕೈತಪ್ಪು. ಒಂದೇ ಕಡೆ ಇದ್ದರೆ ಮಶೀನಿನೊಳಗೆ ಏನೋ ಕೆಟ್ಟಿದೆ. ತಾಳಿ ಇರುವುದು ನಡುವೆ. ಕಲೆ ಇದ್ದದ್ದು ಎಡಕ್ಕೆ.

ಶಾಂತಾ ಹೊರಗೆ ಬಂದಳು. “ಹೆಂಗಸರ ಜಂಪರ ನೋಡ್ಕೋತ ನಿಂತೀರಲ್ರೀ, ಮಂದಿ ಏನಂದಾರು!”

“ಇದು ಕುಂಕುಮ ಅಲ್ಲ.”

“ಮತ್ತೇನು?”

ಪಕ್ಕದ ಬಾಲ್ಕನಿಯಲ್ಲಿ ನೆರೆಯ ಮರಾಠಿ ಹೆಂಗಸು ಸುಶೀಲಾ ವಹಿನಿ ಇದ್ದರು; ವಹಿನಿ ಎಂದರೆ ಅತ್ತಿಗೆ. ಕೈಚಾಚಿ ಒಂದು ಜಂಪರು ಇಸಿದುಕೊಂಡು, ಬೆಳಕಿಗೆ ಹಿಡಿದು, ಒದ್ದೆ ಹೆಬ್ಬೆರಳಿನಿಂದ ತಿಕ್ಕಿದರು. “ಶಾಂತಾ, ಹೇ ರಕ್ತ ಆಹೇ.”

ರಕ್ತ.

ಮೊಲೆತೊಟ್ಟಿನಿಂದ ಬರುತ್ತಿತ್ತು. ಕೆಳಗೆ ಚಿಕ್ಕ ಗಂಟು. ಬಯಾಪ್ಸಿ ಮಾಡಿಸಿದೆವು. ಕ್ಯಾನ್ಸರ್.

ಚಿಂಚವಾಡದ ಸರ್ಜನ್ ಚೀಟಿಯ ಹಿಂದೆ ಚಿತ್ರ ಬರೆದು ಮರಾಠಿಯಲ್ಲಿ ವಿವರಿಸಿದರು. ಇದು ಹುಟ್ಟುವುದು ಹಾಲಿನ ನಳಿಯ ಒಳಗೋಡೆಯಲ್ಲಿ. ಗೋಡೆ ದಾಟದಿದ್ದರೆ ಅಲ್ಲೇ ಉಳಿಯುತ್ತದೆ. ದಾಟಿದರೆ, ಲಿಂಫ್ ಎಂಬ ತಿಳಿನೀರಿನ ಜೊತೆ ಕಂಕುಳಿನ ಲಿಂಫ್ ನೋಡ್‌ಗಳೆಂಬ ಸಣ್ಣ ಗ್ರಂಥಿಗಳಿಗೆ ಹೋಗಬಹುದು. ಅಲ್ಲಿಂದ ಮುಂದೆ ಎಲುಬಿಗೆ, ಪುಪ್ಪುಸಕ್ಕೆ. ಕಂಕುಳಿಗೆ ತಲುಪಿದೆಯೇ? ಆಪರೇಷನ್ ಮಾಡಿ, ನೋಡ್‌ಗಳನ್ನು ತೆಗೆದು, ಲ್ಯಾಬ್‌ಗೆ ಕಳಿಸಿದ ಮೇಲೆಯೇ ಗೊತ್ತಾಗುವುದು.

ನನಗೆ ಕೇಳಿಸಿದ್ದು ಬೇರೆಯೇ. ನಾಲ್ಕು ತಿಂಗಳಲ್ಲಿ ಅದು ಎಷ್ಟು ದೂರ ನಡೆದಿರಬಹುದು?

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನರ್ಸ್ ತಾಳಿ ಬಿಚ್ಚಿಸಿ ನನ್ನ ಕೈಗಿತ್ತಳು. ಅಂಗಿಯ ಜೇಬಿಗೆ ಹಾಕಿಕೊಂಡೆ. ಎರಡೂವರೆ ತಾಸಿನ ಮೇಲೆ ಎರಡು ಜಾಡಿಗಳನ್ನು ಕೊಟ್ಟರು. ದೊಡ್ಡದರಲ್ಲಿ ಸ್ತನ, ಸಣ್ಣದರಲ್ಲಿ ಕಂಕುಳಿನದು. ರೋಗಿಯ ಕಡೆಯವರೇ ಲ್ಯಾಬ್‌ಗೆ ಒಯ್ಯಬೇಕಿತ್ತು. ನನ್ನ ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಪುಣೆಯ ಸದಾಶಿವ ಪೇಠೆಗೆ ಹೋದೆ. ಲ್ಯಾಬ್ ಒಂದರಿಂದ ನಾಲ್ಕರವರೆಗೆ ಬಂದ್. ಮೆಟ್ಟಿಲ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಕಾವಲುಗಾರ ಚೀಲ ನೋಡಿ, ಹೊತ್ತು ಇದೆಯಲ್ಲ, ಊಟ ಮುಗಿಸಿಬಿಡಿ ಎಂದ. ನಾನು ತಲೆಯಾಡಿಸಿದೆ.

ಮನೆಗೆ ಬಂದು ಅಂಗಿ ಒಗೆದೆ. ಜೇಬಿನಲ್ಲಿ ಕುಂಕುಮದ ಕಲೆ ತೆಳು ಗುಲಾಬಿಯಾಗಿ ಉಳಿಯಿತು. ಕಂದು ಆಗಲಿಲ್ಲ. ಇಷ್ಟನ್ನು ನಾಲ್ಕು ತಿಂಗಳ ಹಿಂದೆ ನೋಡಬಹುದಿತ್ತು.

ಎಂಟು ದಿನಕ್ಕೆ ರಿಪೋರ್ಟ್ ಬಂತು. ಹದಿನಾರು ನೋಡ್‌ಗಳು.

ಎರಡರಲ್ಲಿ ಇತ್ತು.

“ಮೊದಲೇ ಬಂದಿದ್ದರೆ?” ಎಂದು ಕೇಳಿದೆ. ಸರ್ಜನ್ ಪೆನ್ನಿನ ಮುಚ್ಚಳ ಹಾಕಿದರು. ಹೇಳಲು ಬರುವುದಿಲ್ಲ, ಕಲೆ ಕಾಣುವ ಮೊದಲೇ ಹೋಗಿದ್ದಿರಬಹುದು, ಎಂದರು. ಹೋಗಿರದೆಯೂ ಇದ್ದಿರಬಹುದು, ಅದನ್ನು ಅವರು ಹೇಳಲಿಲ್ಲ.

ಶಾಂತಾಳ ಎದುರು ತಪ್ಪೊಪ್ಪಿಕೊಂಡೆ. ಮೂರನೆಯ ಕೀಮೋ ಮುಗಿದಿತ್ತು, ತಲೆಗೆ ಸೆರಗು ಹೊದ್ದು ಕುಳಿತಿದ್ದಳು. “ಜಂಪರ ಹಾಕ್ಕೊಂಡಾಕಿ ನಾನು. ನನಗ ಗೊತ್ತಾಗ್ಲಿಲ್ಲ, ಇವರಿಗೆ ತಂತಿ ಮ್ಯಾಲಿಂದ ಗೊತ್ತಾಗಬೇಕಿತ್ತಂತ! ಭಾಳ ಶಾಣ್ಯಾರು ನೀವು,” ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಐದು ವರ್ಷದ ತಪಾಸಣೆ ಕಳೆದ ತಿಂಗಳು ಮುಗಿಯಿತು. ಸದ್ಯಕ್ಕೆ ಎಲ್ಲೂ ಏನೂ ಇಲ್ಲ ಎಂದು ಬರೆದಿದ್ದಾರೆ. ಆ ‘ಸದ್ಯಕ್ಕೆ’ಯನ್ನು ನಾವಿಬ್ಬರೂ ಓದಿದೆವು. ಅವಳ ಎಡಗೈ ಊದಿಕೊಳ್ಳುತ್ತದೆ. ಆ ಕೈಯಲ್ಲಿ ಬಕೆಟ್ ಎತ್ತುವಂತಿಲ್ಲ. ಬಟ್ಟೆ ಒಣಹಾಕುವುದು ಈಗ ನನ್ನ ಕೆಲಸ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ.

ಆ ಗುರುವಾರ ಕಲೆಯನ್ನು ನೋಡಿದವರು ಮೂವರು. ನಾನು. ಸುಶೀಲಾ ವಹಿನಿ, ಈಗ ದೌಂಡದಲ್ಲಿ ಮಗಳ ಮನೆಯಲ್ಲಿದ್ದಾರೆ, ಗಟ್ಟಿಯಾಗಿದ್ದಾರೆ. ಮತ್ತೆ ಶಾಂತಾ.

ಇದ್ದಾಳೆ.