ಅಜ್ಜಿ ಹೇಳದ ಸ್ಟಾಪು

"ಜೋಡಿದಾರ್, ಜೋಡಿದಾರ್!" ಬನ್ನೇರುಘಟ್ಟ ರಸ್ತೆಯಲ್ಲಿ ಶೇರ್ ಆಟೊದವರು ಹೀಗೆ ಕೂಗುವುದು ಕೇಳಿದಾಗೆಲ್ಲ ನನಗೆ ನಮ್ಮ ಅಂಗಳದ ಸಂಪಿಗೆಯ ವಾಸನೆ ಬಂದಂತಾಗುತ್ತದೆ. ನನ್ನ ತಾತನನ್ನು ಹೀಗೆ ಬೀದಿಯಲ್ಲಿ ನಿಂತು ಕೂಗುವ ಧೈರ್ಯ ಒಂದು ಕಾಲಕ್ಕೆ ಯಾರಿಗಿತ್ತು ಹೇಳಿ! ಹುಳಿಮಾವಿನ ಆಚೆಗಿನ ನಮ್ಮ ಪುಟ್ಟ ಊರು ಮಹಾರಾಜರ ಕಾಲದಲ್ಲಿ ಇಡಿಯಾಗಿ ತಾತನ ಮನೆತನಕ್ಕೆ ಇನಾಮು ಬಂದಿತ್ತು. ಅದಕ್ಕೇ ಜೋಡಿದಾರರು ಎಂಬ ಪದವಿ. ತೊಂಬತ್ತರ ದಶಕದಲ್ಲಿ ನನಗೆ ಬುದ್ಧಿ ಬರುವಷ್ಟರಲ್ಲಿ ಜಮೀನೆಲ್ಲ ಸೈಟುಗಳಾಗಿ, ತೊಟ್ಟಿಮನೆ, ಸಂಪಿಗೆ ಮರ ಮತ್ತು ಆ ಪದವಿ ಉಳಿದಿದ್ದವು. ಪದವಿ ಮಾತ್ರ ಬೆಳೆಯುತ್ತಲೇ ಹೋಯಿತು. ಜೋಡಿದಾರ್ ಲೇಔಟ್, ಜೋಡಿದಾರ್ ಸರ್ಕಲ್, ಜೋಡಿದಾರ್ ಬೇಕರಿ, ಕೊನೆಗೊಂದು ಬಾರ್ ಕೂಡ. ಕಾಫಿ ಬಿಟ್ಟು ಬೇರೇನೂ ಕುಡಿಯದ ತಾತ ಆ ಬೋರ್ಡು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಪೇಚಾಟವೆಲ್ಲ ಅಜ್ಜಿಗೆ. ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದವಳು ಅವಳು. ಊರೆಲ್ಲ ಕರೆಯುವುದೇ ಜೋಡಿದಾರರು ಎಂದಾದ್ದರಿಂದ ಅವಳ ಪಾಲಿಗೆ ಅದೂ ಗಂಡನ ಹೆಸರೇ. ಜಯನಗರ ಫೋರ್ತ್ ಬ್ಲಾಕಿನಲ್ಲಿ ತರಕಾರಿ ಕೊಂಡು ಆಟೊ ಹತ್ತಿದರೆ ಸ್ವಂತ ಮನೆಗೆ ಹೋಗಲು ಅವಳಿಗೆ ಬಾಯಿಲ್ಲ. ಇಳಿಯಬೇಕಾದ್ದು ಜೋಡಿದಾರ್ ಸರ್ಕಲ್ ಎಂದು ಹೇಳುವುದಕ್ಕೆಂದೇ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದಳು. ನನಗೆ ಜ್ವರ ಬಂದ ಒಂದು ದಿನ ಒಬ್ಬಳೇ ಹೋಗಿ, ಸಂಪಿಗೆ ಮರದ ಹತ್ತಿರ ಬಿಡಪ್ಪ ಎಂದು ಆಟೊದಲ್ಲಿ ಕೂತಳಂತೆ. ಅವನು ನೇರ ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಒಯ್ದಿದ್ದ. ದೀಪ ಹಚ್ಚುವ ಹೊತ್ತಿಗೆ ಸುಸ್ತಾಗಿ ಬಂದವಳಿಗೆ ತಾತ, "ಒಂದ್ಸಲ ಹೇಳ್ಬಿಟ್ರೆ ನಾನೇನು ಸತ್ತೋಗ್ತೀನಾ?" ಅಂದರು.

ಅಜ್ಜಿ ಓಡಿಬಂದು ಅವರ ಬಾಯಿಗೆ ಕೈ ಅಡ್ಡ ಇಟ್ಟಳು. "ಬಿಡ್ತು ಅನ್ನಿ."

ನಾನು ಕಾಲೇಜಿನಲ್ಲಿದ್ದಾಗ ತಾತ ತೀರಿಕೊಂಡರು. ತೊಟ್ಟಿಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು, ಸಂಪಿಗೆ ಮರವೂ ಹೋಯಿತು, ಮೂರನೇ ಮಹಡಿಯ ಒಂದು ಫ್ಲ್ಯಾಟು ನಮ್ಮದಾಯಿತು. ಫ್ಲ್ಯಾಟಿಗೆ ಬಂದ ವರ್ಷ, ತಾತನ ತಿಥಿಯ ಹಿಂದಿನ ದಿನ ಅಜ್ಜಿ, ನಾನು ಜಯನಗರಕ್ಕೆ ಹೋಗಿ ಹೂವು ಕೊಂಡು ಆಟೊ ಹತ್ತಿದೆವು. ಎಲ್ಲಿಗೆ ಎಂದು ಡ್ರೈವರು ಕೇಳಿದಾಗ ರೂಢಿಯಂತೆ ನಾನೇ ಬಾಯಿ ತೆರೆದೆ. ಅಜ್ಜಿ ನನ್ನ ಕೈ ಒತ್ತಿ ತಡೆದಳು.

"ಜೋಡಿದಾರ್ ಸರ್ಕಲ್," ಅಂದಳು.

ಇನ್ನು ಕಾಯಬೇಕಾದ ಆಯಸ್ಸು ಯಾವುದೂ ಇರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಡ್ರೈವರು ಗದಗಿನ ಕಡೆಯವನು, ಊರಿಗೆ ಹೊಸಬ. "ಜೋಡಿದಾರ ಅಂದ್ರ ಯಾರ್ರೀ ಅಮ್ಮಾರ?" ಎಂದು ಸುಮ್ಮನೆ ಕೇಳಿದ.

ಅಜ್ಜಿ ಹೂವಿನ ಪೊಟ್ಟಣವನ್ನು ಮಡಿಲಿಗೆ ಎಳೆದುಕೊಂಡಳು. "ನಮ್ಮನೆಯವ್ರು ಕಣಪ್ಪ."

ಅವನು ತಮಾಷೆಯೆಂದುಕೊಂಡು ನಕ್ಕ. ಮೀಟರು ಹಾಕಿ ಗಾಡಿ ಬಿಟ್ಟ.